ಐದು ಲಕ್ಷ ಬಜೆಟ್: ಮಾರ್ಟಿನ್ ಡಿ-28 ಅಥವಾ ಟೇಲರ್ 814ಸಿಇ?

ಮಾರ್ಟಿನ್ ಡಿ-28, ಟೇಲರ್ 814ಸಿಇ, ಈ ಎರಡು ಅಕೂಸ್ಟಿಕ್ ಗಿಟಾರ್‌ಗಳಲ್ಲಿ ಯಾವುದು ಕೊಳ್ಳೋದು ಅಂತ ಕೇಳಿದ್ದೀರಿ. ನೀವು ಹೋಲಿಸ್ತಿರೋದು ಬಹುಶಃ ಗಿಟಾರ್‌ಗಳನ್ನಲ್ಲ, ತಂತಿಗಳನ್ನ. ಒಂದು ವಾರ ಡಿ-28, ಮುಂದಿನ ವಾರ 814 ಚೆನ್ನಾಗಿ ಕೇಳ್ಸುತ್ತೆ ಅಂದಿದ್ದೀರಿ. ಅಂಗಡಿ ಗೋಡೆ ಮೇಲಿನ ಗಿಟಾರಿನ ತಂತಿ ಎಷ್ಟೋ ಕೈಗಳ ಬೆವರು ಕುಡಿದು ಮಂಕಾಗಿರುತ್ತೆ; ಆ ವಾರ ಯಾವುದರ ತಂತಿ ಹೊಸದೋ ಅದೇ ಚೆನ್ನಾಗಿ ಕೇಳ್ಸುತ್ತೆ. ನಾನೂ ಒಮ್ಮೆ ಹೊಸ ತಂತಿಯ ಮಿಂಚಿಗೆ ಮರುಳಾಗಿ, ತಿಂಗಳಾದ ಮೇಲೆ ಕೈ ಕೈ ಹಿಸುಕಿಕೊಂಡವನೇ.

ಮೊದಲು ಎರಡಕ್ಕೂ ಒಂದೇ ಗೇಜಿನ (ದಪ್ಪದ) ಹೊಸ ತಂತಿ ಹಾಕಿಸಿ, ದುಡ್ಡು ನೀವೇ ಕೊಡಿ. ಇಷ್ಟು ದೊಡ್ಡ ವ್ಯಾಪಾರಕ್ಕೆ ಯಾರೂ ಬೇಡ ಅನ್ನಲ್ಲ. ಆಮೇಲೆ ಬೆನ್ನು ತಿರುಗಿಸಿ ಕೂತು, ಗೆಳೆಯರ ಕೈಲಿ ಎರಡನ್ನೂ ಒಂದೇ ಪಿಕ್‌ನಲ್ಲಿ (ತಂತಿ ಮೀಟೋ ಬಿಲ್ಲೆ) ನುಡಿಸೋಕೆ ಹೇಳಿ. ಹೆಸರು ಕಾಣದಿದ್ರೆ ಕಿವಿ ಸುಳ್ಳು ಹೇಳಲ್ಲ. ಮರದ ಬಗ್ಗೆ ತಲೆ ಕೆಡಿಸ್ಕೋಬೇಡಿ: ಎರಡಕ್ಕೂ ಮೇಲ್ಹಲಗೆ ಸಿಟ್ಕಾ ಸ್ಪ್ರೂಸ್, ಬೆನ್ನು-ಪಕ್ಕ ಇಂಡಿಯನ್ ರೋಸ್‌ವುಡ್, ಅಂದ್ರೆ ನಮ್ಮ ಮಲೆನಾಡಿನ ಬೀಟೆ ಜಾತಿಯೇ! ವ್ಯತ್ಯಾಸ ಇರೋದು ಆಕಾರ ಮತ್ತು ಮೇಲ್ಹಲಗೆಗೆ ಒಳಗಿಂದ ಆಸರೆ ಕೊಡೋ ಮರದ ಪಟ್ಟಿಗಳಲ್ಲಿ.

ನಂತರ ಅರ್ಧ ಗಂಟೆ ಕೂತು ನೀವೇ ನುಡಿಸಿ. ಡಿ-28 ಡ್ರೆಡ್‌ನಾಟ್, ಅಂದ್ರೆ ಅಗಲ ಸೊಂಟದ ದೊಡ್ಡ ಗಿಟಾರ್. ಬಲ ಭುಜ ಮೇಲೆದ್ದು ನೋವು ಶುರುವಾದ್ರೆ ಅದನ್ನ ಬಿಡಿ. ನಿಮ್ಮ ಕೈ ನೋಡದೆ ಯಾವುದು ನಿಮಗೆ ಹೊಂದುತ್ತೆ ಅಂತ ನಾನು ಹೇಳಕ್ಕಾಗಲ್ಲ. ಸ್ಟೇಜ್ ಮೇಲೆ ನುಡಿಸೋದಿದ್ರೆ 814ರಲ್ಲಿ ಪಿಕಪ್ (ನಾದವನ್ನ ಸ್ಪೀಕರಿಗೆ ಕಳಿಸೋ ಸಾಧನ) ಇದ್ದೇ ಇದೆ, ಸಾಮಾನ್ಯ ಡಿ-28ಕ್ಕೆ ಬೇರೆ ಹಾಕಿಸಬೇಕು. ಮನೇಲಿ ಹಾಡಿಗೆ ಜೊತೆ ಕೊಡೋದಷ್ಟೇ ಆದ್ರೆ ನನ್ನ ಓಟು ಮಾರ್ಟಿನ್‌ಗೆ.

ಬಿಲ್ ಮಾಡಿಸೋ ದಿನವೇ ಒಂದು ಹೈಗ್ರೋಮೀಟರ್ (ತೇವಾಂಶ ಅಳೆಯೋ ಮೀಟರ್) ತಗೊಂಡು ಕೇಸ್ ಒಳಗಿಡಿ. ಮರ ಒಣಗಿ ಬಿರುಕು ಬಿಡದ ಹಾಗೆ ತೇವಾಂಶ 45–55% ಇರಲಿ. ಬೆಂಗಳೂರಲ್ಲಿ ಮಾರ್ಚ್ ಬಂತು ಅಂದ್ರೆ ಮುಳ್ಳು ಕೆಳಗಿಳಿಯುತ್ತೆ, ಆಗ ಕೇಸಿಗೊಂದು ಹ್ಯುಮಿಡಿಫೈಯರ್ (ತೇವ ಕೊಡೋ ಸಾಧನ) ಹಾಕಿ.