ತೊಂದರೆ ನರದ್ದು, ರಕ್ತಪರೀಕ್ಷೆ ಯಾಕೆ?

ಪ್ರಶ್ನೆ: ಮಗಳಿಗೆ ಆರು ವರ್ಷ. ನಡೆಯುವಾಗ ತೂರಾಡುತ್ತಾಳೆ. ಲೋಟ ಹಿಡಿದರೆ ಅರ್ಧ ಹಾಲು ಲಂಗದ ಮೇಲೆ. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಗೆರೆಗಳು. ಪದೇ ಪದೇ ಕಫ, ಜ್ವರ. ನರರೋಗ ತಜ್ಞರು ರೋಗನಿರೋಧಕ ಶಕ್ತಿಯ ರಕ್ತಪರೀಕ್ಷೆ ಬರೆದಿದ್ದಾರೆ. ಅದು ಬೇಕೇ ಡಾಕ್ಟರೇ?
– ಓದುಗರು, ಹಾಸನ

ಉತ್ತರ: ಖಂಡಿತ ಬೇಕಮ್ಮಾ, ತಡಮಾಡಬೇಡಿ. ನೀವು ಹೇಳಿದ ಲಕ್ಷಣಗಳು ಒಟ್ಟಿಗಿದ್ದರೆ ನಮಗೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ವಂಶವಾಹಿ ಕಾಯಿಲೆಯ ಅನುಮಾನ ಬರುತ್ತದೆ. 1995ರಲ್ಲಿ ಪತ್ತೆಯಾದ ಎಟಿಎಂ ಎಂಬ ಜೀನ್ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟು ಬಂದಾಗ, ನಡಿಗೆಯ ಸಮತೋಲನ ಕಾಯುವ ಕಿರುಮೆದುಳು ಸೊರಗುತ್ತದೆ. ಅನೇಕ ಮಕ್ಕಳಲ್ಲಿ ಸೋಂಕು ತಡೆಯುವ ಶಕ್ತಿಯೂ ಕುಂದುತ್ತದೆ. ಅದಕ್ಕೇ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳಾದ ಐಜಿಎ, ಐಜಿಜಿ, ಐಜಿಎಂ ಮಟ್ಟ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಎಣಿಕೆ ನೋಡುತ್ತೇವೆ. ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತದ ಪ್ರೋಟೀನಿನ ಪರೀಕ್ಷೆಯನ್ನೂ ಮಾಡಿಸಿ; ಅದು ಏರಿದ್ದರೆ ಅನುಮಾನ ಬಲವಾಗುತ್ತದೆ, ಖಚಿತವಾಗುವುದು ಜೀನ್ ಪರೀಕ್ಷೆಯಿಂದ. ವರದಿಯನ್ನು ಮಗುವಿನ ವಯಸ್ಸಿನ ಮಟ್ಟಕ್ಕೇ ಹೋಲಿಸಬೇಕು, ದೊಡ್ಡವರದಕ್ಕಲ್ಲ. ಐಜಿಜಿ ತೀರಾ ಕಡಿಮೆಯಿದ್ದು ಸೋಂಕು ಬಿಡದಿದ್ದರೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಔಷಧಿ, ಕೊಡಬಹುದು, ಎದೆಯ ಸೋಂಕು ಹತೋಟಿಗೆ ಬರುತ್ತದೆ. ತೂರಾಟ ಅದರಿಂದ ನಿಲ್ಲದು. ಇದನ್ನು ಬರೆಯಲು ನನಗೂ ಕಷ್ಟವಾಗುತ್ತದೆ.

ಇನ್ನೊಂದು ಮಾತು. ಈ ಮಕ್ಕಳ ಜೀವಕೋಶಗಳು ವಿಕಿರಣ ತಾಳವು. ಕೆಮ್ಮಿಗೆಂದು ಯಾರಾದರೂ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಬರೆದರೆ ಈ ಅನುಮಾನವಿದೆಯೆಂದು ಮೊದಲೇ ಹೇಳಿಬಿಡಿ.