ಕೌದಿಯನ್ನು ಲಾರಿಗೆ ಹಾಕಬೇಡಿ

ಈ ಸಲ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಮನೆ ಬದಲಾಯಿಸುವ ವಿಷಯಕ್ಕೇ ಸಂಬಂಧಿಸಿವೆ. ಮಕ್ಕಳ ಪರೀಕ್ಷೆ ಮುಗಿದು, ವರ್ಗಾವಣೆಯ ಆದೇಶಗಳು ಕೈಸೇರುವ ಕಾಲವಿದು. ಆದ್ದರಿಂದ ಮೂರಕ್ಕೂ ಒಟ್ಟಿಗೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನ್ನ ಪತಿ ಬ್ಯಾಂಕ್ ಉದ್ಯೋಗಿ. ಅವರಿಗೆ ವಿಜಯಪುರದಿಂದ ಮಂಗಳೂರಿಗೆ ವರ್ಗವಾಗಿದೆ. ಮಗಳಿಗೆ ಏಳು ವರ್ಷ, ಎರಡನೆಯ ತರಗತಿಗೆ ಸೇರಬೇಕು. ಮಗನಿಗೆ ಒಂದು ವರ್ಷ ಮೂರು ತಿಂಗಳು. ಮದುವೆಯಾದಾಗಿನಿಂದ ಅತ್ತೆಯವರ ಜೊತೆಗೇ ಇದ್ದವಳು ನಾನು; ಅವರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ. ಮಗಳು ಇಷ್ಟು ವರ್ಷ ಆಯಿಯ, ಅಂದರೆ ಅಜ್ಜಿಯ, ಮಗ್ಗುಲಲ್ಲೇ ಮಲಗಿದವಳು. ಹೊರಡುವ ಮಾತು ಕಿವಿಗೆ ಬಿದ್ದಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಜೂನ್‌ನಲ್ಲಿ ಹೊರಡೋಣ ಎನ್ನುತ್ತಾರೆ ನನ್ನವರು. ಅಲ್ಲಿಯ ಮಳೆ, ಅಲ್ಲಿಯ ತುಳು ಮಾತು, ಎಲ್ಲವನ್ನೂ ನೆನೆದರೆ ಕೈಕಾಲು ಆಡುತ್ತಿಲ್ಲ. ಯಾವುದನ್ನು ಮೊದಲು ಮಾಡಲಿ? (ಹೆಸರು ಬೇಡ, ವಿಜಯಪುರ)

ಉತ್ತರ: ಸೋದರಿ, ಮೊದಲು ತಿಂಗಳನ್ನು ಬದಲಾಯಿಸಿ. ಜೂನ್‌ವರೆಗೆ ಕಾಯದೆ ಮೇ ತಿಂಗಳ ನಡುವಿನಲ್ಲೇ ಹೊರಡಿ. ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕಾಲಿಡುತ್ತದೆ. ವಿಜಯಪುರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ಮಳೆಯಲ್ಲಿ ಘಾಟಿ ಇಳಿದು ಬರುವ ಲಾರಿಯ ತಾಡಪಾಲು ಎಷ್ಟೇ ಗಟ್ಟಿಯಾಗಿದ್ದರೂ ಹಾಸಿಗೆಗಳು ಒದ್ದೆಯಾಗುತ್ತವೆ, ಒಮ್ಮೆ ಒದ್ದೆಯಾದ ಹತ್ತಿಯ ಹಾಸಿಗೆ ಅಕ್ಟೋಬರ್‌ವರೆಗೂ ಒಣಗುವುದಿಲ್ಲ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಾವು ರಾಯಚೂರಿನಿಂದ ಉಡುಪಿಗೆ ಹೋದದ್ದು ಜುಲೈನಲ್ಲಿ.

ಆಗ ನನ್ನ ಮಗನಿಗೆ ಆರು ವರ್ಷ. ಅವನ ಅಜ್ಜಿ ಹಳೆಯ ಇಳಕಲ್ಲ ಸೀರೆಗಳನ್ನು ಕತ್ತರಿಸಿ ಹೊಲಿದ ಒಂದು ಕೌದಿ ಇತ್ತು. ರಾತ್ರಿ ಮಲಗುವ ಮುನ್ನ ಅದರ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, ಇದು ಯಾರ ಸೀರೆ, ಇದು ಯಾವ ಹಬ್ಬದ್ದು ಎಂದು ಕೇಳಿ, ಉತ್ತರ ತನಗೇ ಗೊತ್ತಿದ್ದರೂ ಅಜ್ಜಿಯ ಬಾಯಿಂದಲೇ ಹೇಳಿಸಿಕೊಂಡು ನಿದ್ದೆಹೋಗುತ್ತಿದ್ದ. ನಾನು ಆ ಕೌದಿಯನ್ನು ಒಗೆದು, ಮಡಚಿ, ಗಂಟುಕಟ್ಟಿ ಲಾರಿಗೆ ಹಾಕಿದ್ದೆ. ಲಾರಿ ಎರಡು ದಿನ ತಡವಾಗಿ ಬಂತು. ಗಂಟು ಬಿಚ್ಚಿದಾಗ ಕೌದಿಗೆ ಮುಗ್ಗಲು ವಾಸನೆ ಹತ್ತಿತ್ತು. ಮಗು ಅದನ್ನು ಮೂಗಿಗೆ ಹಿಡಿದು ನೋಡಿ, "ಇದು ಆಯಿದಲ್ಲ" ಎಂದು ಬದಿಗಿಟ್ಟ. ಆ ಎರಡು ರಾತ್ರಿಗಳನ್ನೂ ಆ ಮಾತನ್ನೂ ನಾನು ಇಂದಿಗೂ ಮರೆತಿಲ್ಲ.

ನಿಮ್ಮ ಮಗಳಿಗೂ ಆಯಿಯ ಮಗ್ಗುಲಿನ ಕೌದಿಯೋ ದಿಂಬೋ ಹಳೆಯ ಸೀರೆಯೋ ಇದ್ದೇ ಇರುತ್ತದೆ. ಅದನ್ನು ಹೊರಡುವ ಮುನ್ನ ಒಗೆಯಬೇಡಿ, ಲಾರಿಗೆ ಹಾಕಬೇಡಿ. ಮಗಳ ಕೈಯಲ್ಲೇ ಇರಲಿ. ವಿಜಯಪುರದಿಂದ ಹುಬ್ಬಳ್ಳಿ, ಹಾಸನದ ಮೂಲಕ ಮಂಗಳೂರಿಗೆ ನೇರ ರೈಲಿದೆ. ಅವಳು ಅದನ್ನು ಹೊದ್ದುಕೊಂಡೇ ಘಾಟಿ ಇಳಿಯಲಿ. ಸಾಧ್ಯವಾದರೆ ಅತ್ತೆಯವರನ್ನು ಮೊದಲ ಹದಿನೈದು ದಿನಗಳಿಗೆ ಮಾತ್ರ ಕರೆದುಕೊಂಡು ಹೋಗಿ. ಊರು ಬಿಟ್ಟು ಬನ್ನಿ ಎಂದರೆ ಒಪ್ಪದ ಹಿರಿಯರು, ಮೊಮ್ಮಗಳನ್ನು ಹೊಸ ಮನೆಯಲ್ಲಿ ಮಲಗಿಸಿ ಬನ್ನಿ ಎಂದರೆ ಬೇಡವೆನ್ನುವುದು ಕಡಿಮೆ. ಆಯಿ ಮರಳಿ ಹೋಗುವ ದಿನವನ್ನು ಮಗಳಿಗೆ ಮೊದಲೇ ತಿಳಿಸಿರಬೇಕು. ಅವಳು ನಿದ್ದೆಯಲ್ಲಿರುವಾಗ ಹೊರಟುಹೋಗುವ ಉಪಾಯವನ್ನು ದಯವಿಟ್ಟು ಮಾಡಬೇಡಿ, ಏಕೆಂದರೆ ಅಂದಿನಿಂದ ಮಗು ನಿದ್ದೆಗೇ ಹೆದರುತ್ತದೆ.

ಇನ್ನು ಮನೆ. ನಿಮ್ಮ ಪತಿ ಮುಂದಾಗಿ ಹೋಗಿ ಮನೆ ನೋಡುವವರಿದ್ದರೆ, ಬಣ್ಣ ಹೊಸದಾಗಿರುವುದನ್ನು ಕಂಡು ಮೆಚ್ಚದೆ, ಗೋಡೆಯ ಬುಡದಲ್ಲಿ ಬಣ್ಣ ಎದ್ದಿದೆಯೇ, ಕಪಾಟಿನ ಒಳಗೆ ಮೂಗಿಟ್ಟರೆ ಏನು ವಾಸನೆ ಬರುತ್ತದೆ, ಪಡುವಣ ದಿಕ್ಕಿನ ಕಿಟಕಿಗಳಿಗೆ ಸಜ್ಜಾ ಅಥವಾ ಶೀಟಿನ ಮಾಡು ಇದೆಯೇ ಎಂಬುದನ್ನು ನೋಡಲಿ. ಮಳೆಗಾಳಿ ಸಮುದ್ರದ ಕಡೆಯಿಂದಲೇ ಬರುತ್ತದೆ. ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗವಿಲ್ಲದ ಮನೆಯನ್ನು, ಹಸುಗೂಸಿರುವ ನೀವು, ಬಾಡಿಗೆ ಕಡಿಮೆಯೆಂದು ಒಪ್ಪಬೇಡಿ. ಬೀರುವನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ನಿಲ್ಲಿಸಿ. ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಬಿಸಿಲು ಇಣುಕಿದಾಗಲೆಲ್ಲ ಗಾಳಿಗೆ ಹಾಕುತ್ತಿರಿ.

ಭಾಷೆಯ ವಿಷಯದಲ್ಲಿ ನಿಮ್ಮ ಅಂಜಿಕೆ ಅರ್ಥವಾಗುತ್ತದೆ. ಆದರೆ ಮಗಳಿಗೆ ತೊಂದರೆಯಾಗುವುದಿದ್ದರೆ ಅದು ತುಳುವಿನಿಂದಾಗಿ ಅಲ್ಲ, ಕನ್ನಡದಿಂದಾಗಿಯೇ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಅಲ್ಲಿಯ ಮಕ್ಕಳು ಕನ್ನಡವನ್ನು ಹೆಚ್ಚಾಗಿ ಶಾಲೆಯಲ್ಲಿ ಕಲಿಯುತ್ತಾರೆ. ಅವರ ಕನ್ನಡ ಪುಸ್ತಕದ ಕನ್ನಡಕ್ಕೆ ಹತ್ತಿರ. ನಿಮ್ಮ ಮಗಳು "ಏನ್ ಮಾಡಾಕತ್ತೀರಿ" ಎಂದೊಡನೆ ತರಗತಿಯಲ್ಲಿ ಕಿಸಕ್ಕನೆ ನಗು ಏಳಬಹುದು. ಶಾಲೆಗೆ ಸೇರಿಸುವ ದಿನವೇ ತರಗತಿಯ ಟೀಚರ್ ಬಳಿ ಕುಳಿತು ಈ ಮಾತನ್ನು ಹೇಳಿ. ತಿಳಿದ ಟೀಚರ್ ಆದರೆ ಅವಳಿಂದಲೇ ಒಂದು ಊರ ಕಥೆ ಹೇಳಿಸುತ್ತಾರೆ. ಮನೆಯಲ್ಲಿ ಮಾತ್ರ ಅವಳ ಮಾತನ್ನು ತಿದ್ದಬೇಡಿ. ಆಯಿಯ ಜೊತೆ ಫೋನಿನಲ್ಲಿ ಆಡುವ ಮಾತು ತಪ್ಪು ಎಂದು ಅವಳಿಗೆ ಒಂದು ಸಲವೂ ಅನ್ನಿಸಬಾರದು. ತುಳುವಂತೂ ತಾನಾಗಿ ಬರುತ್ತದೆ. ಪಕ್ಕದ ಮನೆಯವರು "ವನಸ್ ಆಂಡಾ" ಎಂದರೆ ಊಟವಾಯಿತೇ ಎಂದು ಕೇಳುತ್ತಿದ್ದಾರೆಂದು ತಿಳಿಯಿರಿ. ಅಷ್ಟಕ್ಕೆ ನೀವು ಉತ್ತರ ಕೊಟ್ಟರೆ ಉಳಿದದ್ದನ್ನು ಅವರೇ ಕಲಿಸುತ್ತಾರೆ.

ಊಟದ ವಿಷಯದಲ್ಲಿ ಒಂದೇ ಮಾತು: ಜೋಳದ ಹಿಟ್ಟನ್ನು ಮೂಟೆಗಟ್ಟಲೆ ಒಯ್ಯಬೇಡಿ, ತೇವಕ್ಕೆ ಅದು ಬೇಗ ಕೆಡುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದು, ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಳ್ಳಿ. ಖಡಕ್ ರೊಟ್ಟಿಯನ್ನೂ ಹಾಗೆಯೇ ಡಬ್ಬಿಯಲ್ಲಿಡಿ. ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಅಲ್ಲಿಯ ಕುಚ್ಚಲಕ್ಕಿಯ ಗಂಜಿ ನಿಮ್ಮ ಮಗನಿಗೆ ಬಹುಬೇಗ ಒಗ್ಗುವುದೆಂದು ನನಗನ್ನಿಸುತ್ತದೆ.

ಕಾಗದಪತ್ರಗಳಲ್ಲಿ ಮಗನ ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಹಾಗೂ ದಡಾರ-ರುಬೆಲ್ಲಾದ ಎರಡನೆಯ ಲಸಿಕೆ ಬೀಳಬೇಕು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮರೆತುಹೋಗುವುದು ಇವೇ. ಹೊಸ ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಾರ್ಡ್ ತೋರಿಸಿದರೆ ಉಚಿತವಾಗಿ ಹಾಕುತ್ತಾರೆ. ಮಗಳ ವರ್ಗಾವಣೆ ಪತ್ರ ತಡವಾದರೆ ಗಾಬರಿಯಾಗಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಿ ಸಾಗಿಸಲೇಬೇಡಿ. ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಈಗಿನ ಏಜೆನ್ಸಿಗೆ ಒಪ್ಪಿಸಿ, ವರ್ಗಾವಣೆಯ ವೋಚರ್ ಪಡೆದು, ಅದನ್ನು ಮಂಗಳೂರಿನ ಏಜೆನ್ಸಿಗೆ ಕೊಟ್ಟು ಹೊಸದಾಗಿ ಪಡೆಯಿರಿ. ಆಧಾರ್, ಮತದಾರರ ಪಟ್ಟಿಯ ಕೆಲಸಗಳು ದಸರೆಯವರೆಗೆ ಕಾದರೂ ನಡೆಯುತ್ತದೆ. ಮೊದಲ ತಿಂಗಳು ಮಕ್ಕಳ ಊಟ, ನಿದ್ದೆ, ಶಾಲೆಗೆ ಮೀಸಲಿರಲಿ; ಬಿಚ್ಚದ ಗಂಟುಗಳು ಮೂಲೆಯಲ್ಲಿ ಬಿದ್ದಿದ್ದರೆ ಬಿದ್ದಿರಲಿ.

ಪ್ರಶ್ನೆ: ತುಮಕೂರಿನಿಂದ ಬೆಂಗಳೂರಿಗೆ ಹೋಗುತ್ತಿದ್ದೇವೆ, ಕೈಗೂಸಿದೆ. ಮನೆ ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುತ್ತಿದ್ದಾರೆ, ಕರಾರು ಹನ್ನೊಂದೇ ತಿಂಗಳಿಗೆ ಎನ್ನುತ್ತಾರೆ. ಇದು ಸರಿಯೇ? (ಒಬ್ಬ ಓದುಗ, ತುಮಕೂರು)

ಉತ್ತರ: ಹನ್ನೊಂದು ತಿಂಗಳ ಕರಾರಿನಲ್ಲಿ ಮೋಸವೇನೂ ಇಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾಗುತ್ತದೆ; ಆ ಖರ್ಚು ಮತ್ತು ಓಡಾಟವನ್ನು ತಪ್ಪಿಸಲು ಈ ರೂಢಿ ಬೆಳೆದಿದೆ. ಹತ್ತು ತಿಂಗಳ ಅಡ್ವಾನ್ಸ್ ಮಾತ್ರ ಬೆಂಗಳೂರಿನ ಹಳೆಯ ರೂಢಿಯೇ ಹೊರತು ಕಾನೂನಿನ ನಿಯಮವಲ್ಲ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿದ ಠೇವಣಿ ಬೇಡವೆನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ, ಅದರ ಬಲದಿಂದ ಮಾಲೀಕರನ್ನು ಕಟ್ಟಿಹಾಕಲಾಗದು. ಆದರೆ ವಿನಯದಿಂದ ಚೌಕಾಸಿ ಮಾಡಲು ಒಳ್ಳೆಯ ಆಧಾರ. ಐದು ತಿಂಗಳಿಗೆ ಇಳಿಸಿ ಎಂದು ಕೇಳಿ ನೋಡಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿ, ಒಳಹೋಗುವ ದಿನ ಪ್ರತಿ ಕೋಣೆಯ ಗೋಡೆ, ನಲ್ಲಿ, ಬಾಗಿಲುಗಳ ಫೋಟೋ ತೆಗೆದು ಮಾಲೀಕರಿಗೆ ಅಂದೇ ಕಳುಹಿಸಿ. ಅಡುಗೆಮನೆಗೆ ಬರುವುದು ಕಾವೇರಿ ನೀರೋ ಬೋರ್‌ವೆಲ್ ನೀರೋ ಎಂಬುದನ್ನೂ ಕೇಳಿ. ಕೂಸಿಗೆ ಹಾಲು ಕಲಸುವ ಮನೆಯಲ್ಲಿ ಆ ಪ್ರಶ್ನೆ ಬಾಡಿಗೆಯಷ್ಟೇ ಮುಖ್ಯ.

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ಮನೆಗೆ ಗೃಹಜ್ಯೋತಿ ಇತ್ತು. ಮೈಸೂರಿನ ಹೊಸ ಬಾಡಿಗೆ ಮನೆಗೂ ಸಿಗುವುದೇ? (ಗೃಹಿಣಿ, ಹಾಸನ)

ಉತ್ತರ: ಬಾಡಿಗೆದಾರರೂ ಈ ಯೋಜನೆಗೆ ಅರ್ಹರು. ಆದರೆ ನಿಮ್ಮ ಆಧಾರ್ ಸಂಖ್ಯೆ ಹಾಸನದ ಮನೆಯ ಆರ್.ಆರ್. ಸಂಖ್ಯೆಗೆ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಜೋಡಣೆಯಾಗಿರುವುದರಿಂದ, ಮೊದಲು ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅದನ್ನು ಬಿಡಿಸಿ, ಆಮೇಲೆ ಮೈಸೂರಿನ ಮನೆಯ ಸಂಖ್ಯೆಗೆ ಹೊಸದಾಗಿ ಅರ್ಜಿ ಹಾಕಬೇಕು. ಹಳೆಯ ಮನೆಯ ಬೀಗದ ಕೈ ಒಪ್ಪಿಸುವ ದಿನ ಮೀಟರಿನ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಮನೆಯ ಮೀಟರಿನದನ್ನೂ ಮೊದಲ ದಿನವೇ ತೆಗೆಯಿರಿ.