18+ ವಿಡಿಯೋಗೆ ಅಶ್ಲೀಲ ಅನ್ನಿಸದ, ಆದರೂ ಜನ ಕ್ಲಿಕ್ ಮಾಡುವಂಥ ಥಂಬ್‌ನೇಲ್ ಆರಿಸುವುದು ಹೇಗೆ?

ಥಂಬ್‌ನೇಲ್ ಅಂದರೆ ವಿಡಿಯೋ ತೆರೆಯುವ ಮುಂಚೆ ಕಾಣುವ ಪುಟ್ಟ ಚಿತ್ರ. ಅದಕ್ಕೆ ದೇಹ ಬಿಡಿ, ಮುಖ ಆರಿಸಿ. ಏನೋ ಆಗುವುದಕ್ಕೆ ಒಂದು ಕ್ಷಣ ಮುಂಚಿನ ಫ್ರೇಮ್ ಹುಡುಕಿ. ಅರ್ಧ ತೆರೆದ ಬಾಗಿಲು, ಚಿಲಕದ ಮೇಲೆ ಕೈ, ಒಂದು ಕೆನ್ನೆಗೆ ಮಾತ್ರ ಬಿದ್ದ ಬೆಳಕು. ಇಷ್ಟೇ ಸಾಕು. ಮುಂದೇನು ಅನ್ನೋ ಕುತೂಹಲವೇ ಕ್ಲಿಕ್ ಮಾಡಿಸುತ್ತದೆ.

ಕಾರಣ ಸರಳ. ಯೂಟ್ಯೂಬ್‌ನಲ್ಲಿ ವಯಸ್ಸಿನ ಮಿತಿ ಹಾಕಿದರೆ ವಿಡಿಯೋ ತೆರೆಯುವುದಕ್ಕೆ ಲಾಗಿನ್ ಆಗಿರಬೇಕು, 18 ತುಂಬಿರಬೇಕು. ಆದರೆ ಥಂಬ್‌ನೇಲ್ ಮುಚ್ಚಿದ ಬಾಗಿಲಿನ ಹೊರಗಿನ ಬೋರ್ಡ್ ಇದ್ದಂತೆ, ಮಕ್ಕಳ ಕಣ್ಣಿಗೂ ಬೀಳಬಹುದು. ಅದಕ್ಕೇ ಲೈಂಗಿಕವಾಗಿ ಕೆರಳಿಸುವ ಥಂಬ್‌ನೇಲ್‌ಗೆ ಅಲ್ಲಿ ಅವಕಾಶವಿಲ್ಲ. ಸುಮ್ನೆ ಬ್ಲರ್ ಮಾಡಿದರೂ ಉಪಯೋಗವಿಲ್ಲ. ಮಸುಕು ಮಾಡಿದ ಜಾಗಕ್ಕೇ ಕಣ್ಣು ಮೊದಲು ಹೋಗುತ್ತದೆ, ಅಲ್ವಾ?

ಚಿತ್ರ 1280×720 ಪಿಕ್ಸೆಲ್ ಇರಲಿ. ಆಮೇಲೆ ಅದನ್ನು ಫೋನಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ ನೋಡಿ. ಮುಖದ ಭಾವ ಆಗಲೂ ಕಂಡರೆ ಗೆದ್ದಿರಿ. ಬಲಗಡೆ ಕೆಳಮೂಲೆಯಲ್ಲಿ ವಿಡಿಯೋದ ಅವಧಿ ಕೂರುತ್ತದೆ, ಅಲ್ಲಿ ಅಕ್ಷರ ಹಾಕಬೇಡಿ. ಅಕ್ಷರ ಜಾಸ್ತಿಯೂ ಬೇಡ, ಮೂರ್ನಾಲ್ಕು ಪದ ಸಾಕು. ವಿಡಿಯೋದಲ್ಲಿ ಇಲ್ಲದ ದೃಶ್ಯವನ್ನಂತೂ ಹಾಕಲೇಬೇಡಿ. ಮೋಸ ಹೋದವರು ಹತ್ತು ಸೆಕೆಂಡಿನಲ್ಲಿ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ: ಆರಿಸಿದ ಫ್ರೇಮನ್ನು ಅದರಲ್ಲಿರುವ ನಟ ನಟಿಯರಿಗೆ ತೋರಿಸಿ, ಒಪ್ಪಿಗೆ ಪಡೆಯಿರಿ. ದೃಶ್ಯದಲ್ಲಿ ನಟಿಸಲು ಒಪ್ಪಿದವರು ಅದೇ ದೃಶ್ಯದ ಒಂದು ಚಿತ್ರ ಎಲ್ಲರ ಫೋನಿನಲ್ಲಿ ಓಡಾಡುವುದಕ್ಕೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ.